ಕುತ್ತಿಗೆಯದೋ, ಭುಜದ್ದೋ? ಪರೀಕ್ಷೆಯ ಮೇಜಿನಿಂದ ಹನ್ನೆರಡನೇ ವಾರದವರೆಗೆ

ಫಿಸಿಯೋಥೆರಪಿಗೆ ಬರುವವರಲ್ಲಿ ಬಹಳ ಜನ “ಭುಜ ನೋವು” ಅನ್ನುತ್ತಾರೆ. ಎಲ್ಲಿ, ತೋರಿಸಿ ಎಂದರೆ ಕೈ ಹೋಗುವುದು ಕತ್ತಿಗೂ ಭುಜಕ್ಕೂ ನಡುವಿನ ಇಳಿಜಾರಿಗೆ, ಚೀಲದ ಪಟ್ಟಿ ಕೂರುವ ಜಾಗಕ್ಕೆ. ಅಲ್ಲಿನ ನೋವು ಹೆಚ್ಚಾಗಿ ಕುತ್ತಿಗೆಯ ಕಡೆಯದು. ಭುಜದ ಕೀಲಿನಲ್ಲೇ ತೊಂದರೆ ಇದ್ದವರು ತೋಳಿನ ಮೇಲ್ಭಾಗದ ಹೊರಮೈಯನ್ನು ಇಡೀ ಅಂಗೈಯಿಂದ ಮುಚ್ಚಿ ಹಿಡಿಯುತ್ತಾರೆ. ತೊಂದರೆ ಇರುವುದು ಮೇಲೆ, ನೋವು ಕಾಣಿಸಿಕೊಳ್ಳುವುದು ಕೆಳಗೆ. ಭುಜದ ತುದಿಯ ಪುಟ್ಟ ಉಬ್ಬನ್ನು ಒಂದೇ ಬೆರಳಿನಿಂದ ಒತ್ತಿ ತೋರಿಸಿದರೆ, ಕಾಲರ್ ಬೋನ್ ಹೆಗಲೆಲುಬನ್ನು ಸೇರುವ ಸಣ್ಣ ಕೀಲಿನ ಮೇಲೆ ಅನುಮಾನ ಬರುತ್ತದೆ. ಎರಡು ಹೆಗಲೆಲುಬುಗಳ ನಡುವೆ, ಕೈಗೆ ಎಟುಕದ ಜಾಗದಲ್ಲಿ ಕೊರೆಯುತ್ತದೆ ಅಂದರೆ ಕುತ್ತಿಗೆಯ ಕೆಳಭಾಗದ ಡಿಸ್ಕನ್ನು (ಮೂಳೆಗಳ ನಡುವಿನ ಮೆತ್ತೆಯನ್ನು) ನೆನೆಯದೆ ಇರುವಂತಿಲ್ಲ. ನೋವು ಮೊಣಕೈ ದಾಟಿ ಬೆರಳಿಗೆ ಇಳಿದಿದ್ದರೆ ಮೊದಲ ಅನುಮಾನ ಕುತ್ತಿಗೆಯ ನರದ ಮೇಲೆ. ಭುಜದ ಕೀಲು ಅಷ್ಟು ದೂರ ನೋವು ಕಳಿಸುವುದು ಅಪರೂಪ.

ಈ ಒಂದು ವಿಂಗಡಣೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಕುತ್ತಿಗೆಯ ನರ ಕೆರಳಿದವರಿಗೆ ತಿಂಗಳುಗಟ್ಟಲೆ ಭುಜಕ್ಕೆ ಕಾವು ಕೊಡಿಸಿದ್ದು, ಫ್ರೋಜನ್ ಶೋಲ್ಡರ್ (ಭುಜದ ಕೀಲಿನ ಪೊರೆ ಬಿಗಿದು ಕೀಲು ಕಟ್ಟಿಹೋಗುವುದು) ಇದ್ದವರಿಗೆ ಕುತ್ತಿಗೆಗೆ ಕಾಲರ್ ಹಾಕಿಸಿದ್ದು, ಎರಡನ್ನೂ ನಾವು ನೋಡುತ್ತಲೇ ಇರುತ್ತೇವೆ.

ಮುಟ್ಟುವ ಮೊದಲು ಪ್ರಶ್ನೆಗಳಿವೆ. ಬಿದ್ದಿದ್ದಿರಾ, ಏನಾದರೂ ಎತ್ತಿದಿರಾ, ಅಥವಾ ಬೆಳಿಗ್ಗೆ ಏಳುವಾಗಲೇ ಹಿಡಿದುಕೊಂಡಿತ್ತಾ? ಯಾವ ಮಗ್ಗುಲಿಗೆ ಮಲಗಲು ಆಗುತ್ತಿಲ್ಲ? ಸಕ್ಕರೆ ಕಾಯಿಲೆ, ಥೈರಾಯ್ಡ್ ಇದೆಯಾ? ಕೊನೆಯ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಫ್ರೋಜನ್ ಶೋಲ್ಡರ್ ಸಾಮಾನ್ಯವಾಗಿ ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ ಬರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಹೆಚ್ಚಾಗಿ ಬರುತ್ತದೆ, ಬಂದರೆ ಹಟ ಹಿಡಿದು ಕೂರುತ್ತದೆ. ಐವತ್ತು ದಾಟಿದವರಲ್ಲಿ ಎರಡೂ ಭುಜ ಒಟ್ಟಿಗೆ ನೋಯುತ್ತಾ, ಬೆಳಗಿನ ಬಿಗಿತ ಮುಕ್ಕಾಲು ಗಂಟೆಗೂ ಮೀರಿದರೆ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಬೇಕಾದ್ದು ಉರಿಯೂತ ತೋರಿಸುವ ಇಎಸ್ಆರ್, ಸಿಆರ್‌ಪಿ ರಕ್ತಪರೀಕ್ಷೆ ಮತ್ತು ವೈದ್ಯರು ಕೊಡುವ ಸ್ಟೀರಾಯ್ಡ್. ವ್ಯಾಯಾಮದಿಂದ ಅದು ಹೋಗುವುದಿಲ್ಲ. ಅದರ ಜೊತೆಗೆ ಹಣೆಯ ಪಕ್ಕದಲ್ಲಿ ತಲೆನೋವು, ಅಗಿಯುವಾಗ ದವಡೆ ಸೋಲುವುದು, ದೃಷ್ಟಿ ಮಸುಕಾಗುವುದು ಸೇರಿದ್ದರೆ ಅದೇ ದಿನ ಆಸ್ಪತ್ರೆ. ತಡಮಾಡಿದರೆ ಕಣ್ಣು ಹೋಗಬಹುದು.

ಹೀಗೆ ತಡಮಾಡಬಾರದ ಇನ್ನೂ ಕೆಲವಿವೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಎಡಭುಜ, ದವಡೆ ಹಿಂಡಿದಂತಾಗಿ ಬೆವರು, ಉಬ್ಬಸ ಬಂದರೆ ಅದು ಹೃದಯ. ಭುಜ ಅಲುಗಾಡಿಸಿದರೂ ಅಲುಗಾಡಿಸದಿದ್ದರೂ ಆ ನೋವು ಒಂದೇ ಸಮ. ಜ್ವರದ ಜೊತೆ ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಬಿಗಿತವಿದ್ದರೆ ಮಿದುಳು ಪೊರೆಯ ಸೋಂಕು ಅಲ್ಲವೆಂದು ಮೊದಲು ಖಚಿತವಾಗಬೇಕು. ಹಿಂದೆಂದೂ ಕಾಣದಂಥ ಕುತ್ತಿಗೆ ನೋವು ಹಠಾತ್ತಾಗಿ ಬಂದು, ಒಂದು ರೆಪ್ಪೆ ಜೋತುಬೀಳುವುದು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು ಇದ್ದರೆ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿರುವ ಸಾಧ್ಯತೆ ಇದೆ. ಅಂಥವರ ಕತ್ತನ್ನು ತಿರುಗಿಸುವುದಿರಲಿ, ಯಾರೂ ಉಜ್ಜಲೂಬಾರದು. ಪಿತ್ತಕೋಶದ ತೊಂದರೆ ಬಲಭುಜದ ತುದಿಯಲ್ಲಿ ನೋವಾಗಿ ಕಾಣುವುದೂ ಉಂಟು. ಪಿತ್ತಕೋಶ ಕೆರಳಿದಾಗ ಎದೆಗೂ ಹೊಟ್ಟೆಗೂ ನಡುವಿನ ಪದರವಾದ ವಪೆಯೂ ಕೆರಳುತ್ತದೆ. ವಪೆಗೆ ಹೋಗುವ ನರ ಹೊರಡುವುದು ಕುತ್ತಿಗೆಯ ಮೂರರಿಂದ ಐದನೇ ಬೇರುಗಳಿಂದ, ಭುಜದ ಚರ್ಮದ ಸಂವೇದನೆಯ ದಾರಿಯೂ ಅದೇ ಆಸುಪಾಸಿನದು.

ಸದ್ದಿಲ್ಲದೆ ಬರುವುದು ಬೆನ್ನುಹುರಿಯ ಒತ್ತಡ. ನೋವು ಅಷ್ಟೇನೂ ಇರುವುದಿಲ್ಲ. ಅಂಗಿಯ ಗುಂಡಿ ಹಾಕಲು ತಡಕಾಡುವುದು, ಅಕ್ಷರ ಕೆಡುವುದು, ಕತ್ತಲಲ್ಲಿ ನಡೆದರೆ ತೂರಾಡುವುದು, ಮೂತ್ರ ಅವಸರವಾಗುವುದು, ಇಷ್ಟೇ. ಕೈಯನ್ನು ಪೂರ್ತಿ ಬಿಚ್ಚಿ ಪೂರ್ತಿ ಮುಷ್ಟಿ ಕಟ್ಟುವುದನ್ನು ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮಾಡುತ್ತಾರೆ ಎಂದು ಎಣಿಸುತ್ತೇವೆ. ಇಪ್ಪತ್ತು ಸಲ ಆಗಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಅಲ್ಲಿಗೇ ನಿಲ್ಲಿಸಿ ಎಂಆರ್‌ಐ ಮತ್ತು ತಜ್ಞರ ಕಡೆಗೆ ಕಳಿಸುತ್ತೇವೆ. ಎಂಆರ್‌ಐ ಬೇಗ ಬೇಕಾದ ಸಂದರ್ಭಗಳಲ್ಲಿ ಇದು ಮುಖ್ಯವಾದದ್ದು.

ಇವೆಲ್ಲ ಇಲ್ಲವೆಂದಾದ ಮೇಲೆ ಕುತ್ತಿಗೆಯ ಸರದಿ. ನೆಟ್ಟಗೆ ಕುಳಿತು ಎರಡೂ ಕಡೆ ತಿರುಗಲು ಹೇಳುತ್ತೇವೆ. ಬೆಳೆದವರಲ್ಲಿ ಒಂದೊಂದು ಕಡೆಗೆ 70ರಿಂದ 80 ಡಿಗ್ರಿ ತಿರುಗಬೇಕು, ವಯಸ್ಸಾದಂತೆ ಅದು ಕುಗ್ಗುತ್ತದೆ. ನೋವಿನ ಕಡೆಗೆ 60 ಡಿಗ್ರಿಯೂ ತಿರುಗದಿದ್ದರೆ ನರದ ಬೇರು ಸಿಕ್ಕಿಕೊಂಡಿರುವ ಅನುಮಾನ ಬಲವಾಗುತ್ತದೆ. ತಲೆಯನ್ನು ತುಸು ಹಿಂದಕ್ಕೆ ಮತ್ತು ನೋವಿನ ಕಡೆಗೆ ವಾಲಿಸಿ ನೆತ್ತಿಯ ಮೇಲೆ ಮೆಲ್ಲಗೆ ಒತ್ತುವುದಕ್ಕೆ ಸ್ಪರ್ಲಿಂಗ್ ಪರೀಕ್ಷೆ ಎನ್ನುತ್ತಾರೆ. ಒತ್ತಿದಾಗ ನೋವು ತೋಳಿಗೆ ಹರಿದರೆ ಮಾತ್ರ ಲೆಕ್ಕ, ಕುತ್ತಿಗೆಯಲ್ಲಷ್ಟೇ ನೊಂದರೆ ಇಲ್ಲ. ಇದನ್ನು ಮನೆಯಲ್ಲಿ ಯಾರ ಮೇಲೂ ಪ್ರಯೋಗಿಸಬೇಡಿ. ಮೂಳೆ ಮುರಿದವರಲ್ಲಿ, ರುಮಟಾಯ್ಡ್ ಸಂಧಿವಾತ ಇದ್ದವರಲ್ಲಿ ಅಪಾಯ. ಆದರೆ ಒಂದು ಸುಳಿವು ರೋಗಿಯೇ ತಂದಿರುತ್ತಾರೆ: ಕೈಯನ್ನು ನೆತ್ತಿಯ ಮೇಲಿಟ್ಟುಕೊಂಡರೆ ಹಾಯೆನಿಸುತ್ತದೆ ಎನ್ನುತ್ತಾರೆ. ತೋಳೆತ್ತಿದಾಗ ನರದ ಎಳೆತ ಸಡಿಲವಾಗುತ್ತದೆ. ಭುಜದ ಕಾಯಿಲೆಯವರಿಗೆ ಅದೇ ಭಂಗಿ ಚಿತ್ರಹಿಂಸೆ.

ಯಾವ ಬೇರು ಎಂಬುದನ್ನು ಬೆರಳುಗಳು ಹೇಳುತ್ತವೆ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು, ಮಣಿಕಟ್ಟನ್ನು ಮೇಲೆತ್ತುವ ಬಲ ಕುಂದಿದ್ದರೆ ಸಿ6, ಅಂದರೆ ಕುತ್ತಿಗೆಯ ಆರನೇ ನರದ ಬೇರು. ನಡುಬೆರಳು ಜುಮುಗುಟ್ಟಿ, ಮಡಚಿದ ಮೊಣಕೈಯನ್ನು ನಮ್ಮ ಕೈಗೆ ಎದುರಾಗಿ ನೇರ ಮಾಡಲಾಗದಿದ್ದರೆ ಸಿ7. ಹೆಚ್ಚು ಸಲ ಸಿಗುವುದು ಇದೇ. ಕಿರುಬೆರಳು ಮತ್ತು ಹಿಡಿತ ಸಿ8ರದು. ಸಿ5 ಮಾತ್ರ ಮೋಸ ಮಾಡುತ್ತದೆ: ಬೆರಳಿಗೆ ಇಳಿಯದೆ ತೋಳಿನ ಹೊರಮೈಯಲ್ಲೇ ನಿಂತು, ತೋಳೆತ್ತುವ ಬಲವನ್ನೂ ಕುಗ್ಗಿಸಿ, ಥೇಟ್ ಭುಜದ ಕಾಯಿಲೆಯಂತೆ ನಟಿಸುತ್ತದೆ. ಇನ್ನು ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ, ಕೊಡವಿದರೆ ಸರಿಹೋಗುತ್ತದೆ ಎಂದರೆ ಮಣಿಕಟ್ಟನ್ನು ನೋಡಬೇಕು. ಅದು ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ಇರಬಹುದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ.

ಭುಜದ ಪರೀಕ್ಷೆಯಲ್ಲಿ ಹೆಚ್ಚು ತಿಳಿಸುವುದು ಒಂದು ಸರಳ ಚಲನೆ. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು 90 ಡಿಗ್ರಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸುವುದು. ಅವರೇ ತಿರುಗಿಸಲಾಗದೆ, ನಾವು ಹಿಡಿದು ತಿರುಗಿಸಿದರೂ ಗೋಡೆಗೆ ತಾಗಿದಂತೆ ನಿಂತುಬಿಟ್ಟರೆ ಫ್ರೋಜನ್ ಶೋಲ್ಡರ್ ಅಥವಾ ಕೀಲಿನ ಸವೆತ. ಅವರಿಗೆ ಆಗದ್ದು ನಮ್ಮ ಕೈಯಲ್ಲಿ ಸಲೀಸಾಗಿ ಆದರೆ ತೊಂದರೆ ಕೀಲಿನದಲ್ಲ, ಭುಜದ ಕೀಲನ್ನು ಸುತ್ತಿ ಹಿಡಿದಿರುವ ಸ್ನಾಯುಗಳಾದ ರೊಟೇಟರ್ ಕಫ್‌ನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಅಥವಾ ನರದ್ದು. ತೋಳನ್ನು ಪಕ್ಕದಿಂದ ಮೇಲೆತ್ತುವಾಗ 60ರಿಂದ 120 ಡಿಗ್ರಿಯ ನಡುವೆ ಮಾತ್ರ ನೋವಾಗಿ, ಆಮೇಲೆ ಬಿಟ್ಟರೆ ಕಫ್ ಕೆರಳಿದೆ. ಹೊರತಿರುಗು ಪೂರ್ತಿ ಕಟ್ಟಿಹೋದವರಿಗೆ ಒಂದು ಎಕ್ಸ್-ರೇ ಬೇಕೇಬೇಕು. ಫ್ರೋಜನ್ ಶೋಲ್ಡರ್ ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳದು, ಆದರೆ ಫಿಟ್ಸ್ ಬಂದಾಗ ಅಥವಾ ವಿದ್ಯುತ್ ಶಾಕ್ ಹೊಡೆದಾಗ ಕೀಲು ಹಿಂದಕ್ಕೆ ತಪ್ಪಿ ಅಲ್ಲೇ ಸಿಕ್ಕಿಕೊಂಡಿದ್ದರೂ ಲಕ್ಷಣ ಹೀಗೇ ಇರುತ್ತದೆ. ಅದನ್ನು ಸಾದಾ ಬಿಗಿತವೆಂದು ತಿಳಿದು ಎಳೆದಾಡಿದರೆ ಕೇಡು.

ಸ್ಕ್ಯಾನಿನ ಬಗ್ಗೆ ಎರಡು ಮಾತು. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಯಾವ ಲಕ್ಷಣವೂ ಇಲ್ಲದ 1,211 ಜನರ ಕುತ್ತಿಗೆಯ ಎಂಆರ್‌ಐ ತೆಗೆದರು, 87.6 ಶೇಕಡಾ ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು, ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನರಲ್ಲಿತ್ತು. ಆದ್ದರಿಂದ ವರದಿಯಲ್ಲಿ ಡಿಸ್ಕ್ ಬಲ್ಜ್, ಸ್ಪಾಂಡಿಲೋಸಿಸ್ (ಸವೆತ) ಎಂದು ಕಂಡಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಎಂದುಕೊಳ್ಳುವಂತಿಲ್ಲ. ಉಬ್ಬಿದ ಡಿಸ್ಕಿನ ಮಟ್ಟಕ್ಕೂ ಜೋಮು ಹಿಡಿದ ಬೆರಳಿಗೂ ತಾಳೆಯಾದರೆ ಮಾತ್ರ ಆ ವರದಿಗೆ ಬೆಲೆ. ಬಲ ಕುಂದದ, ಅಪಾಯದ ಲಕ್ಷಣಗಳಿಲ್ಲದ ಹೊಸ ನೋವಿಗೆ ಮೊದಲ ಆರು ವಾರ ಎಂಆರ್‌ಐ ಬೇಡ. ವರದಿ ಓದಿ ಹೆದರಿ ಕತ್ತು ಆಡಿಸುವುದನ್ನೇ ಬಿಟ್ಟವರ ಬಿಗಿತ ಬಿಡಿಸುವುದು, ಮೂಲ ನೋವಿಗಿಂತ ಹೆಚ್ಚು ಕೆಲಸ ಕೊಡುತ್ತದೆ.

ಈಗ ಚಿಕಿತ್ಸೆ. ಬೆಳಿಗ್ಗೆ ಎದ್ದಾಗ ಹಿಡಿದುಕೊಂಡ ಕುತ್ತಿಗೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬಿಡುತ್ತದೆ. ಮೊದಲ ಎರಡು ಮೂರು ದಿನ ಹದವಾದ ಕಾವು, ಒಂದು ಸಲಕ್ಕೆ 15–20 ನಿಮಿಷ, ನಡುವೆ ಬಟ್ಟೆ ಇರಲಿ. ಗಂಟೆಗೊಮ್ಮೆ, ನೋವು ಶುರುವಾಗುವ ಅಂಚಿನವರೆಗೆ ಮಾತ್ರ, ಎರಡೂ ಕಡೆ ಐದಾರು ಸಲ ಕತ್ತು ತಿರುಗಿಸುವುದು. ಪ್ಯಾರಸಿಟಮಾಲ್ ಬೆಳೆದವರಿಗೆ ಒಂದು ಸಲಕ್ಕೆ 500ರಿಂದ 1,000 ಮಿಲಿಗ್ರಾಂ, ನಡುವೆ ನಾಲ್ಕರಿಂದ ಆರು ಗಂಟೆ ಅಂತರ, 24 ಗಂಟೆಯಲ್ಲಿ 4 ಗ್ರಾಂ ಮೀರಕೂಡದು. ಯಕೃತ್ತಿನ ತೊಂದರೆ ಇದ್ದವರಿಗೆ, ತೂಕ ತೀರಾ ಕಡಿಮೆ ಇರುವವರಿಗೆ ಮಿತಿ ಇನ್ನೂ ಕೆಳಗೆ. ಐಬುಪ್ರೊಫೆನ್ ಊಟವಾದ ಮೇಲೆ 400 ಮಿಲಿಗ್ರಾಂ, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಹೊಟ್ಟೆಹುಣ್ಣು, ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆ, ರಕ್ತ ತೆಳುವಾಗಿಸುವ ಔಷಧಿ, ಗರ್ಭಾವಸ್ಥೆ, ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಸ್ನಾಯು ಸಡಿಲಿಸುವ ಮಾತ್ರೆಗಳು ಮಂಪರು ತರುತ್ತವೆ. ರಾತ್ರಿ ಸರಿ, ಗಾಡಿ ಓಡಿಸುವವರಿಗೆ ಹಗಲು ಬೇಡ.

ಸಾದಾ ಕುತ್ತಿಗೆ ನೋವಿಗೆ ಕಾಲರ್ ಬೇಡ. ನರದ ನೋವು ತಡೆಯಲಾಗದಷ್ಟಿದ್ದರೆ ಮೆತ್ತನೆಯ ಕಾಲರನ್ನು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ಹಾಕಿಕೊಳ್ಳಬಹುದು, ಅದೂ ಆಗಾಗ ತೆಗೆಯುತ್ತಾ. ಅದಕ್ಕಿಂತ ಮುಂದೆ ಹೋದರೆ ಸ್ನಾಯು ಸೊರಗುತ್ತದೆ.

ತೀವ್ರತೆ ಇಳಿದ ಮೇಲೆ ಶುರುವಾಗುವ ವ್ಯಾಯಾಮದಲ್ಲಿ ಮೊದಲನೆಯದೇ ಜನ ಹೆಚ್ಚು ಕೆಡಿಸುವ ವ್ಯಾಯಾಮ. ಕತ್ತಿನ ಮುಂಭಾಗದ ಒಳಸ್ನಾಯುಗಳನ್ನು ಎಚ್ಚರಿಸುವುದು ಇದರ ಉದ್ದೇಶ. ಅಂಗಾತ ಮಲಗಿ ಮಂಡಿ ಮಡಚಿ. ಗದ್ದ ಮೇಲಕ್ಕೆ ಎದ್ದು ನಿಲ್ಲುತ್ತಿದ್ದರೆ ತಲೆಯಡಿ ಟವೆಲ್ ಮಡಚಿಟ್ಟು ಹಣೆ ಮತ್ತು ಗದ್ದ ಒಂದೇ ಮಟ್ಟಕ್ಕೆ ಬರುವಂತೆ ಮಾಡಿ. ನಾಲಿಗೆ ಅಂಗುಳಕ್ಕೆ ತಾಗಿರಲಿ, ಹಲ್ಲುಗಳ ನಡುವೆ ತುಸು ಎಡೆ ಇರಲಿ. ಈಗ “ಹೂಂ” ಅನ್ನುವಾಗ ಆಡಿಸುವಷ್ಟೇ ತಲೆ ಆಡಿಸಿ. ತಲೆಯ ಹಿಂಭಾಗ ಟವೆಲ್ ಮೇಲೆ ನೆತ್ತಿಯ ದಿಕ್ಕಿಗೆ ಒಂದಿಷ್ಟು ಜಾರಬೇಕು, ಮೇಲೇಳಬಾರದು, ಕೆಳಕ್ಕೆ ಒತ್ತಲೂಬಾರದು. ಬೆರಳುಗಳನ್ನು ಕತ್ತಿನ ಎರಡು ಪಕ್ಕಗಳಲ್ಲಿ, ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಹೊರಸ್ನಾಯುವಿನ ಮೇಲೆ ಇಟ್ಟು ನೋಡಿ. ಅದು ಹಗ್ಗದಂತೆ ಸೆಟೆದರೆ ನೀವು ಅತಿಯಾಗಿ ಮಾಡುತ್ತಿದ್ದೀರಿ, ಅರ್ಧಕ್ಕೆ ಇಳಿಸಿ. ಹತ್ತು ಸೆಕೆಂಡು ಹಿಡಿದು ಹತ್ತು ಸಲ, ಉಸಿರು ಕಟ್ಟದೆ. ಚಿಕಿತ್ಸಾಲಯದಲ್ಲಿ ಕತ್ತಿನಡಿ ಗಾಳಿಚೀಲವಿಟ್ಟು 20 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ತುಂಬಿಸಿ, 22, 24 ಎಂದು ಎರಡೆರಡಾಗಿ 30ರವರೆಗೆ ಏರಿಸಿ ಹಿಡಿಸುತ್ತೇವೆ. ದೀರ್ಘಕಾಲದ ನೋವಿನವರಲ್ಲಿ ಅನೇಕರು 24ರಲ್ಲೇ ನಡುಗುತ್ತಾರೆ. ಕೆಲಸ ನೋಡಲು ಏನೂ ಅನ್ನಿಸುವುದಿಲ್ಲ, ಅದಕ್ಕೇ ಜನ ಬೇಸತ್ತು ಗದ್ದವನ್ನು ಬಲವಾಗಿ ಹಿಂದಕ್ಕೆ ಅದುಮಲು ಶುರುಮಾಡುತ್ತಾರೆ. ತಲೆನೋವು ಬಂತು ಎಂದು ದೂರುತ್ತಾ ಬರುವವರು ಇವರೇ.

ಎರಡನೇ ಹಂತ ಹೆಗಲೆಲುಬಿನದು. ಇಲ್ಲಿ ಒಂದು ಸಣ್ಣ ಪರೀಕ್ಷೆ ತುಂಬ ಉಪಯೋಗಕ್ಕೆ ಬರುತ್ತದೆ. ಕುಳಿತವರ ಹಿಂದೆ ನಿಂತು, ಅವರ ಎರಡೂ ತೋಳಿನ ಭಾರವನ್ನು ನಾವು ಹೊತ್ತು ಭುಜವನ್ನು ಒಂದಿಷ್ಟು ಮೇಲೆತ್ತಿ ಹಿಡಿದು, ಈಗ ಕತ್ತು ತಿರುಗಿಸಿ ಅನ್ನುತ್ತೇವೆ. ತಿರುಗುವಿಕೆ ಆ ಕ್ಷಣಕ್ಕೇ ಹೆಚ್ಚಿ ನೋವು ಇಳಿದರೆ, ಜೋತುಬಿದ್ದ ಭುಜದ ಭಾರವನ್ನು ಕತ್ತು ಹೊರುತ್ತಿದೆ ಎಂದರ್ಥ. ಇಂಥವರ ಇಳಿಜಾರಿನ ಸ್ನಾಯು ಮುಟ್ಟಿದರೆ ಗಟ್ಟಿ ಎನಿಸಿದರೂ ಅದು ಮೊದಲೇ ಎಳೆದುಹೋದದ್ದು. ತಲೆಯನ್ನು ಕೈಯಿಂದ ಪಕ್ಕಕ್ಕೆಳೆದು ಮತ್ತೆ ಹಿಗ್ಗಿಸಿದರೆ ಆ ಹೊತ್ತಿಗೆ ಹಾಯೆನಿಸಿ ಸಂಜೆಗೆ ಇಮ್ಮಡಿಯಾಗುತ್ತದೆ. ಇವರಿಗೆ ಬೇಕಾದ್ದು ಭುಜ ಮೇಲೆತ್ತಿ ಬಲಪಡಿಸುವುದು: ಕೈಯಲ್ಲಿ ಹಗುರ ಡಂಬೆಲ್, ತೋಳು ದೇಹದಿಂದ ತುಸು ದೂರ, ಭುಜವನ್ನು ಕಿವಿಯತ್ತ ಎತ್ತಿ ನಿಧಾನವಾಗಿ ಇಳಿಸುವುದು. ಜೊತೆಗೆ ಎಲಾಸ್ಟಿಕ್ ಬ್ಯಾಂಡನ್ನು ಎದುರಿನ ಕಂಬಕ್ಕೆ ಕಟ್ಟಿ ಮೊಣಕೈ ಹಿಂದಕ್ಕೆಳೆಯುವುದು. ಎರಡೂ ಹತ್ತರಿಂದ ಹದಿನೈದು ಸಲದ ಮೂರು ಸರದಿ, ವಾರಕ್ಕೆ ಮೂರು ದಿನ. ಹದಿನೈದು ಸಲ ಸುಲಭವಾದಾಗ ಭಾರ ಏರಿಸಬೇಕು. ತಿಂಗಳುಗಟ್ಟಲೆ ಅದೇ ಬಣ್ಣದ ಬ್ಯಾಂಡ್ ಎಳೆಯುವವರು ಮುಂದಕ್ಕೆ ಹೋಗುವುದಿಲ್ಲ.

ಇಷ್ಟೂ ಆಗದು ಎನ್ನುವವರಿಗೆ ಡೆನ್ಮಾರ್ಕಿನಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗವನ್ನು ಹೇಳುತ್ತೇವೆ. 198 ಜನ ಕಚೇರಿ ನೌಕರರು. ಎಲಾಸ್ಟಿಕ್ ಬ್ಯಾಂಡ್ ಹಿಡಿದು ತೋಳನ್ನು ಪಕ್ಕದಿಂದ ಭುಜದ ಮಟ್ಟಕ್ಕೆ ಎತ್ತುವುದನ್ನು ಒಂದು ಗುಂಪು ದಿನಕ್ಕೆ ಎರಡು ನಿಮಿಷ, ಇನ್ನೊಂದು ಹನ್ನೆರಡು ನಿಮಿಷ, ವಾರಕ್ಕೆ ಐದು ದಿನದಂತೆ ಹತ್ತು ವಾರ ಮಾಡಿತು. ಎರಡು ನಿಮಿಷದವರ ನೋವೂ ಇಳಿಯಿತು. ದಿನವೂ ಮಾಡುವುದು ಎಷ್ಟು ಹೊತ್ತು ಮಾಡುತ್ತೀರಿ ಎನ್ನುವುದಕ್ಕಿಂತ ಮುಖ್ಯ.

ನರದ ನೋವಿನವರಿಗೆ ದಾರಿ ಬೇರೆ. ಅವರಿಗೆ ಮೊದಲ ವಾರಗಳಲ್ಲಿ ಕತ್ತು ಹಿಂದಕ್ಕೆ ಚಾಚುವುದು, ನೋವಿನ ಕಡೆಗೆ ವಾಲಿಸುವುದು, ತೋಳನ್ನು ಎಳೆದು ಹಿಗ್ಗಿಸುವುದು ಮೂರೂ ಬೇಡ. ಕುಳಿತಾಗ ಮುಂಗೈ ಅಡಿ ದಿಂಬಿಟ್ಟು ತೋಳಿನ ಭಾರ ಇಳಿಸಬೇಕು. ರಾತ್ರಿ ನಿದ್ದೆ ಕೆಟ್ಟರೆ ವೈದ್ಯರು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಅಥವಾ ಗ್ಯಾಬಪೆಂಟಿನ್ ಗುಂಪಿನ ಮಾತ್ರೆ ಕೊಡುತ್ತಾರೆ. ತೂಕಡಿಕೆ ಬರುತ್ತದೆ, ತಾವಾಗಿ ಒಮ್ಮೆಗೇ ನಿಲ್ಲಿಸಬಾರದು. ಸುಧಾರಣೆ ಹೇಗೆ ಕಾಣುತ್ತದೆ ಎಂಬುದು ತಿಳಿದಿರಲಿ: ನೋವು ಬೆರಳಿನಿಂದ ಮುಂಗೈಗೆ, ಅಲ್ಲಿಂದ ತೋಳಿಗೆ, ಕೊನೆಗೆ ಕತ್ತಿಗೆ ಹಿಂದೆ ಸರಿಯುತ್ತದೆ. ಕತ್ತಿನ ನೋವು ಜಾಸ್ತಿಯಾಯಿತು ಎಂದು ಗಾಬರಿಯಾಗುವವರಲ್ಲಿ ಕೆಲವರು ನಿಜಕ್ಕೂ ಗುಣವಾಗುತ್ತಿರುತ್ತಾರೆ. ಜೋಮು ಕೊನೆಗೆ ಹೋಗುತ್ತದೆ, ತಿಂಗಳುಗಳೂ ಹಿಡಿಯಬಹುದು. ಹೆಚ್ಚಿನವರು ಶಸ್ತ್ರಚಿಕಿತ್ಸೆ ಇಲ್ಲದೆಯೇ ಸುಧಾರಿಸುತ್ತಾರೆ. ಆದರೆ ನೋವು ಇಳಿಯುತ್ತಿದ್ದರೂ ಬಲ ಕುಂದುತ್ತಾ ಹೋಗುತ್ತಿದ್ದರೆ ಅದು ಗುಣವಾಗುವುದಲ್ಲ, ತಡಮಾಡದೆ ಸರ್ಜನ್ ಬಳಿಗೆ ಹೋಗಬೇಕು. ಬೆನ್ನುಹುರಿಯ ಒತ್ತಡಕ್ಕೂ ಅದೇ ಮಾತು.

ಭುಜದ ಕಫ್ ಕೆರಳಿದವರಿಗೆ ಹನ್ನೆರಡು ವಾರದ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಭುಜದ ಮೇಲಿನ ಮೂಳೆಯನ್ನು ಕೆರೆದು ಜಾಗ ಮಾಡುವ ಶಸ್ತ್ರಚಿಕಿತ್ಸೆಯನ್ನು ಮೂಳೆ ಕೆರೆಯದ ನಾಟಕದ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ಬ್ರಿಟನ್ ಮತ್ತು ಫಿನ್‌ಲೆಂಡಿನ ಪ್ರಯೋಗಗಳು 2018ರಲ್ಲಿ ಬಂದವು. ಹೇಳಿಕೊಳ್ಳುವಂಥ ವ್ಯತ್ಯಾಸ ಎರಡರಲ್ಲೂ ಕಾಣಲಿಲ್ಲ. ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಬರಲಿ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಬಂದಿರಬೇಕು. ಬಂದಿಲ್ಲವೆಂದರೆ ಭಾರ ಇಳಿಸಿ, ವ್ಯಾಯಾಮ ಬಿಡಬೇಡಿ. ಬಿದ್ದು ಪೆಟ್ಟಾದ ಮೇಲೆ ತೋಳು ಎತ್ತಲೇ ಆಗದವರು ಮಾತ್ರ ಕಾಯಬಾರದು. ಅದು ಹರಿದ ಸ್ನಾಯುರಜ್ಜು ಇರಬಹುದು, ಅಲ್ಟ್ರಾಸೌಂಡ್ ಬೇಗ ಆಗಬೇಕು. ತಿಂಗಳುಗಳು ಕಳೆದರೆ ತುದಿ ಹಿಂದಕ್ಕೆ ಸರಿದು ಹೊಲಿಗೆ ಕಷ್ಟವಾಗುತ್ತದೆ.

ಫ್ರೋಜನ್ ಶೋಲ್ಡರ್ ಒಂದರಿಂದ ಮೂರು ವರ್ಷ ಎಳೆಯುವ ಕಾಯಿಲೆ. ಮೊದಲ ತಿಂಗಳುಗಳಲ್ಲಿ ರಾತ್ರಿ ನೋವೇ ದೊಡ್ಡದು. ಆಗ ಬಲವಂತವಾಗಿ ಎತ್ತಿಸಿದರೆ, ಹಗ್ಗ ಕಟ್ಟಿ ಎಳೆಸಿದರೆ ಕೀಲಿನ ಪೊರೆ ಇನ್ನಷ್ಟು ಕೆರಳುತ್ತದೆ. ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಹೆಚ್ಚು ಫಲ ಕೊಡುವುದು ಈ ಹಂತದಲ್ಲೇ. ಸಕ್ಕರೆ ಕಾಯಿಲೆಯವರಿಗೆ ಚುಚ್ಚಿದ ಮೇಲೆ ಕೆಲವು ದಿನ, ಒಂದು ವಾರದವರೆಗೂ, ರಕ್ತದ ಸಕ್ಕರೆ ಏರುತ್ತದೆ, ಆ ದಿನಗಳಲ್ಲಿ ಪದೇಪದೇ ನೋಡಿಕೊಳ್ಳಬೇಕು. ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ಲೋಲಕದಂತೆ ತೂಗುವುದು, ಕೋಲು ಹಿಡಿದು ಇನ್ನೊಂದು ಕೈಯಿಂದ ನೋವಿನ ಕೈಯನ್ನು ಹೊರಕ್ಕೆ ತಳ್ಳುವುದು, ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ, ಆಗ ಇಷ್ಟೇ ಸಾಕು. ನೋವು ಇಳಿದು ಬಿಗಿತವಷ್ಟೇ ಉಳಿದ ಮೇಲೆ ಹಿಗ್ಗಿಸುವುದನ್ನು ಜೋರು ಮಾಡಬಹುದು.

ಕುಳಿತುಕೊಳ್ಳುವ ಭಂಗಿಯ ಮೇಲೆ ಹೊರಿಸುವ ತಪ್ಪು ಅದರ ಪಾಲಿಗಿಂತ ಹೆಚ್ಚೇ. ತಲೆ 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ 27 ಕಿಲೋ ಭಾರ ಎಂದು ಎಲ್ಲೆಡೆ ಓಡಾಡುವ ಅಂಕಿ ಗಣಿತದ ಮಾದರಿಯಿಂದ ಬಂದದ್ದು, ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ. ಕೆಡಿಸುವುದು ಬಾಗುವುದಕ್ಕಿಂತ ಅಲುಗದೆ ಇರುವುದು. ಅರ್ಧ ಗಂಟೆಗೊಮ್ಮೆ ಏಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರ. ಬೈಫೋಕಲ್ ಕನ್ನಡಕದವರಿಗೆ ಅದಕ್ಕಿಂತ ಕೆಳಗಿರಲಿ, ಇಲ್ಲವಾದರೆ ದಿನವಿಡೀ ಗದ್ದ ಎತ್ತಿಕೊಂಡೇ ನೋಡುತ್ತಾರೆ. ಮುಂಗೈಗೆ ಆಸರೆ ಇರಬೇಕು. ಮಗ್ಗುಲಾಗಿ ಮಲಗುವವರ ದಿಂಬು ಭುಜದ ಅಂಚಿಗೂ ಕಿವಿಗೂ ನಡುವಿನ ಎಡೆಯನ್ನು ತುಂಬುವಷ್ಟು ಎತ್ತರವಿರಲಿ. ಬೋರಲು ಮಲಗಿದರೆ ಕತ್ತು ರಾತ್ರಿಯಿಡೀ ಒಂದೇ ಕಡೆಗೆ ತಿರುಚಿಕೊಂಡಿರುತ್ತದೆ.

ಹನ್ನೆರಡನೇ ವಾರದ ಹೊತ್ತಿಗೆ ಹೆಚ್ಚಿನವರು ವ್ಯಾಯಾಮವನ್ನು ಪೂರ್ತಿ ಬಿಟ್ಟುಬಿಡುತ್ತಾರೆ, ನೋವು ಮರುಕಳಿಸುವುದಕ್ಕೆ ಸಾಮಾನ್ಯ ಕಾರಣ ಅದೇ. ಬಲಪಡಿಸುವ ಎರಡು ವ್ಯಾಯಾಮಗಳನ್ನು ವಾರಕ್ಕೆ ಒಂದೆರಡು ದಿನ ಉಳಿಸಿಕೊಂಡರೆ ಸಾಕು. ನಡುವೆ ನೋವು ಕೆರಳಿದರೆ ಭಾರವನ್ನೂ ಸರದಿಯನ್ನೂ ಅರ್ಧಕ್ಕೆ ಇಳಿಸಿ ಒಂದು ವಾರ ಮಾಡಿ, ಆಮೇಲೆ ಎರಡು ವಾರದಲ್ಲಿ ಮೊದಲಿನ ಮಟ್ಟಕ್ಕೆ ಏರಿಸಿ. ಆ ಮೂರು ವಾರ ಮುಗಿದರೂ ಇಳಿಯದಿದ್ದರೆ, ಇಲ್ಲವೇ ಮೊದಲಿರದ ಜೋಮು ಸೇರಿಕೊಂಡಿದ್ದರೆ, ಹಳೆಯ ವ್ಯಾಯಾಮದ ಚೀಟಿ ಬದಿಗಿಟ್ಟು ಹೊಸದಾಗಿ ಪರೀಕ್ಷೆ ಮಾಡಿಸಿಕೊಳ್ಳಿ.